ಬೆಣಚುಕಲ್ಲಿನ ಮೊನೆ ಕಟ್ಟಿ ಬಾಣ ಬಿಡೋದು ಹೇಗೆ

ಕಲ್ಲಿನ ಮೊನೆ ಬಾಣ ಅಂತ ಯೂಟ್ಯೂಬಲ್ಲಿ ಹುಡುಕಿದ್ರೆ ಬರೋದೆಲ್ಲ ಅಮೆರಿಕದವರ ವಿಡಿಯೋನೇ. ಅಬ್ಸಿಡಿಯನ್ ಅನ್ನೋ ಕಪ್ಪು ಗಾಜಿನಂಥ ಕಲ್ಲು ತಗೊಂಡು, ಜಿಂಕೆ ಕೊಂಬಿನ ತುದೀಲಿ ಒತ್ತಿ ಒತ್ತಿ, ಚೆಂದದ ತ್ರಿಕೋನ ಮಾಡಿ ತೋರಿಸ್ತಾರೆ. ನೋಡಕ್ಕೆ ಸಖತ್ತಾಗಿರುತ್ತೆ, ಆದ್ರೆ ನಮ್ಮೂರಲ್ಲಿ ಆ ಕಲ್ಲು ಸಿಗಲ್ಲ, ಕಾಡಲ್ಲಿ ಉದುರಿದ ಜಿಂಕೆ ಕೊಂಬು ಎತ್ಕೊಂಡು ಬಂದ್ರೂ ಅರಣ್ಯ ಇಲಾಖೆ ಕೇಸ್ ಹಾಕುತ್ತೆ, ಮೇಲಾಗಿ ಆ ಕೈಚಳಕ ಬರೋಷ್ಟರಲ್ಲಿ ಹೊಸಬರಿಗೆ ಇಂಟರೆಸ್ಟೇ ಹೋಗಿರುತ್ತೆ. ನಾನು ಹೇಳೋದು ಏನಂದ್ರೆ, ಆ ತ್ರಿಕೋನದ ಆಸೆ ಸದ್ಯಕ್ಕೆ ಬಿಡಿ. ದಕ್ಷಿಣ ಭಾರತದಲ್ಲಿ ಹಳೇ ಬೇಟೆಗಾರರು ಹೆಚ್ಚಾಗಿ ಮಾಡ್ತಿದ್ದದ್ದು ಉಗುರಿನಷ್ಟು ಚಿಕ್ಕ ಕಲ್ಲಿನ ಚೂರುಗಳು, ಸೂಕ್ಷ್ಮ ಶಿಲಾಯುಧ ಅಂತಾರಲ್ಲ, ಅವು. ಬೆಂಗಳೂರಿನ ಜಾಲಹಳ್ಳಿ ಸುತ್ತ ಬೆಣಚುಕಲ್ಲಲ್ಲಿ ಮಾಡಿದ ಇಂಥವು ಸಿಕ್ಕಿದ್ದನ್ನ ಟಾಡ್ ಅನ್ನೋರು 1940ರ ದಶಕದಲ್ಲೇ ವರದಿ ಮಾಡಿದ್ರು, ಆಂಧ್ರದ ಜ್ವಾಲಾಪುರಂ ಹತ್ರ ಸಿಕ್ಕಿರೋವು ಸುಮಾರು 35,000 ವರ್ಷದಷ್ಟು ಹಳೇವು. ಇವನ್ನ ಕಡ್ಡಿಗೆ ಅಂಟಲ್ಲಿ ಕೂರಿಸಿ ಬಾಣಕ್ಕೋ ಈಟಿಗೋ ಬಳಸ್ತಿದ್ರು ಅನ್ನೋದು ಪುರಾತತ್ವದವರ ಲೆಕ್ಕಾಚಾರ. ಹೊಸಬರಿಗೆ ಇದೇ ಸುಲಭ, ಕಲ್ಲೂ ಬಿಟ್ಟಿ.

ಶುರು ಮಾಡೋಕೆ ಮುಂಚೆ ಒಂದು ಮಾತು. ಇದು ಟಾರ್ಗೆಟ್‌ಗೆ ಹೊಡೆಯೋ ಹವ್ಯಾಸ ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಇರೋವರೆಗೂ ಮೊಲ ಕಾಡುಹಂದಿ ಅಂತ ತಲೇಲಿ ಬಂದ್ರೂ ಅಲ್ಲೇ ಬಿಟ್ಬಿಡಿ.

ಮೊದಲು ಬಿಲ್ಲು. ಇದರ ಬಗ್ಗೆ ಮಾತು ಜಾಸ್ತಿ ಎಳೆಯಲ್ಲ, ಬಿದಿರಲ್ಲಿ ಮಾಡೋದು ಅಂತ ಇಟ್ಕೊಳ್ಳಿ. ತಡಸಲು ಮರ ಸಿಕ್ಕರೆ ಇನ್ನೂ ಒಳ್ಳೇದು, ಬಗ್ಗುತ್ತೆ ಮುರಿಯಲ್ಲ, ಆದ್ರೆ ಅದು ಕಾಡಿನ ಮರ, ಎಲ್ಲರಿಗೂ ಸಿಗಲ್ಲ. ತೋಟದಲ್ಲೋ ಹೊಲದ ಬದುವಲ್ಲೋ ಬೆಳೆದ ಬಿದಿರು ಕಡಿಯೋಕೆ 2017ರ ತಿದ್ದುಪಡಿ ಆದ್ಮೇಲೆ ಮೊದಲಿನಷ್ಟು ತಲೆನೋವಿಲ್ಲ, ಕಾಡಿನ ಬಿದಿರು ಮಾತ್ರ ಮುಟ್ಟಬೇಡಿ. ಮೂರು ವರ್ಷ ದಾಟಿದ, ಗೋಡೆ ದಪ್ಪ ಇರೋ ಗಳ ನೋಡಿ, 165ರಿಂದ 170 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ಪಟ್ಟಿ ಸೀಳಿ, ನೆರಳಲ್ಲಿ ಕೆಲವು ತಿಂಗಳು ಒಣಗಿಸಿ. ಹೊರಗಿನ ಸಿಪ್ಪೆ ಕಡೆ ಟಾರ್ಗೆಟ್ ಕಡೆಗೆ ಬರಬೇಕು, ಆ ಸಿಪ್ಪೆ ಮೇಲೆ ಚಾಕು ಆಡಿಸಬಾರದು, ಕೆರೆಯೋದೆಲ್ಲ ಒಳಗಡೆಯಿಂದಲೇ. ನಡುವೆ ಹಿಡಿ ಬಿಟ್ಟು ತುದಿಗಳ ಕಡೆ ತೆಳು ಮಾಡ್ತಾ ಹೋಗಿ, ಮಧ್ಯೆ ಮಧ್ಯೆ ಗೋಡೆಗೆ ಒಂದು ಗೂಟ ಹೊಡೆದು ಹಿಡಿಯನ್ನ ಅದರ ಮೇಲಿಟ್ಟು ಹೆದೆ ಎಳೆದು ದೂರ ನಿಂತು ನೋಡಿ, ಎರಡೂ ತೋಳು ಒಂದೇ ಥರ ಬಗ್ತಿದ್ಯಾ ಅಂತ. ಎಲ್ಲಿ ಬಗ್ತಿಲ್ವೋ ಅಲ್ಲಿ ಕೆರೀರಿ, ಬಗ್ಗೋ ಜಾಗಾನ ಮುಟ್ಟಲೇಬೇಡಿ. ಲಗೇಜ್ ತೂಗೋ ಕೊಕ್ಕೆ ತಕ್ಕಡಿ ಇದ್ರೆ ಹೆದೆಗೆ ಸಿಕ್ಕಿಸಿ ಎಳೀರಿ, ನಿಮ್ಮ ಪೂರ್ತಿ ಎಳೆತಕ್ಕೆ 14ರಿಂದ 16 ಕೆಜಿ ತೋರಿಸಿದ್ರೆ ಸಾಕು, ಅಂದ್ರೆ ಬಿಲ್ಲುಗಾರರ ಲೆಕ್ಕದಲ್ಲಿ 31ರಿಂದ 35 ಪೌಂಡ್. ಮೊದಲನೇ ಬಿಲ್ಲೇ 50 ಪೌಂಡ್ ಬೇಕು ಅನ್ನೋರು ಭುಜ ನೋಯಿಸ್ಕೊಂಡು ಮನೇಲಿ ಕೂರ್ತಾರೆ.

ಹೆದೆಗೆ ಸಣಬು ಅಥವಾ ಪುಂಡಿ ನಾರು ನಡೆಯುತ್ತೆ. ಮನೆ ಒಳಗೆ ಪಾಟಲ್ಲಿ ಇಟ್ಕೊಂಡಿರ್ತೀರಲ್ಲ ಸ್ನೇಕ್ ಪ್ಲಾಂಟ್, ಅದೂ ಹೆದೆ ಮಾಡೋ ಜಾತಿಗೇ ಸೇರಿದ ಗಿಡ, ನಮ್ಮ ಕಡೆಯ ಮೂರ್ವಾ ಗಿಡದ ಸಂಬಂಧಿ. ಬಲಿತ ಎಲೆ ಹಲಗೆ ಮೇಲಿಟ್ಟು ಮೊಂಡು ಚಾಕಲ್ಲಿ ಒತ್ತಿ ಕೆರೆದ್ರೆ ಹಸಿರು ಲೋಳೆ ಎಲ್ಲ ಹೋಗಿ ರೇಷ್ಮೆ ಬಣ್ಣದ ನಾರು ಉಳಿಯುತ್ತೆ, ತೊಳೆದು ಒಣಗಿಸಿ ಎರಡು ಎಳೆ ಮಾಡಿ, ಒಂದೊಂದು ಎಳೆಯನ್ನೂ ಬಲಕ್ಕೆ ಹುರಿ ಮಾಡ್ತಾ ಎರಡನ್ನೂ ಸೇರಿಸಿ ಎಡಕ್ಕೆ ಹೊಸೀಬೇಕು, ಆಗ ತಾನಾಗೇ ಬಿಚ್ಚಿಕೊಳ್ಳಲ್ಲ. ಹೆದೆ ಬಿಲ್ಲಿನ ಎಳೆತದ ನಾಲ್ಕು ಪಟ್ಟು ಭಾರ ತಡೀಬೇಕು ಅನ್ನೋದು ರೂಲು, ಒಂದು ಸಿಮೆಂಟ್ ಮೂಟೆ ಜತೆಗೆ ಇನ್ನೊಂದು ಹತ್ತು ಹದಿನೈದು ಕೆಜಿ ತೂಗುಹಾಕಿದ್ರೆ ಹೆಚ್ಚುಕಮ್ಮಿ ಅಷ್ಟಾಗುತ್ತೆ, ನೇತು ಹಾಕಿ ನೋಡಿ, ಅದರ ಕೆಳಗೆ ಮಾತ್ರ ಯಾರೂ ನಿಲ್ಲಬೇಡಿ. ಹೆದೆ ಏರಿಸಿದಾಗ ಹಿಡಿಗೂ ಹೆದೆಗೂ ಎಷ್ಟು ಗ್ಯಾಪ್ ಇರಬೇಕು ಅಂದ್ರೆ ಮುಷ್ಟಿ ಕಟ್ಟಿ ಹೆಬ್ಬೆರಳು ಎತ್ತಿದಷ್ಟು. ಬಾಣ ಇಲ್ಲದೆ ಖಾಲಿ ಹೆದೆ ಎಳೆದು ಬಿಡಬೇಡಿ, ಬಾಣಕ್ಕೆ ಹೋಗಬೇಕಾದ ಜೋರೆಲ್ಲ ಬಿಲ್ಲಿಗೇ ವಾಪಸ್ ಬಂದು ಸೀಳಿಹೋಗುತ್ತೆ. ಆಟ ಮುಗಿದ ಮೇಲೆ ಹೆದೆ ಇಳಿಸಿ ಇಡಿ.

ಈಗ ಕಲ್ಲು. ಬೆಣಚುಕಲ್ಲು ಹಳ್ಳದ ದಂಡೆ, ಹೊಲ, ರೋಡ್ ಪಕ್ಕ ಎಲ್ಲ ಕಡೆ ಬಿದ್ದಿರುತ್ತೆ, ಆದ್ರೆ ಹಾಲಿನ ಬಣ್ಣದ, ಒಳಗೆ ಬಿರುಕು ಕಾಣೋದು ಬೇಡ, ಅದು ಸಕ್ಕರೆ ಥರ ಪುಡಿಯಾಗುತ್ತೆ. ಸ್ವಲ್ಪ ಗಾಜಿನ ಹೊಳಪು ಇರೋ, ಬೆಳಕಿಗೆ ಹಿಡಿದ್ರೆ ಅಂಚಲ್ಲಿ ಮಬ್ಬಾಗಿ ಬೆಳಕು ಹಾಯೋ ಉಂಡೆ ಆರಿಸಿ, ನಿಂಬೆಹಣ್ಣಿನ ಸೈಜು ಸಾಕು. ಬಾಗಲಕೋಟೆ, ಕಲಬುರಗಿ ಕಡೆಯವರಾದ್ರೆ ಚರ್ಟ್ ಅನ್ನೋ ನುಣುಪಾದ ಗಟ್ಟಿ ಕಲ್ಲು ಸಿಗಬಹುದು, ಅದು ಬೆಣಚಿಗಿಂತ ಹೇಳಿದ ಮಾತು ಕೇಳುತ್ತೆ. ಪುರಾತತ್ವ ಇಲಾಖೆ ಬೋರ್ಡ್ ಇರೋ ಜಾಗದಲ್ಲಿ, ಹಳೇ ನೆಲೆ ಅಂತ ಗೊತ್ತಿರೋ ಗುಡ್ಡದಲ್ಲಿ ಕಲ್ಲು ಎತ್ತಬೇಡಿ, ಅಲ್ಲಿ ಬಿದ್ದಿರೋದು ಬರೀ ಕಲ್ಲಲ್ಲ, ಯಾರೋ ಆಗಲೇ ಒಡೆದಿಟ್ಟಿರೋದು. ಕೈ ಪಳಗಿಸೋಕೆ ಬಿಯರ್ ಬಾಟ್ಲಿ ತಳ ಬೆಸ್ಟು. ಇಶಿ ಅನ್ನೋ ಯಾಹಿ ಬುಡಕಟ್ಟಿನ ಮನುಷ್ಯ, 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬಂಟಿಯಾಗಿ ಹೊರಜಗತ್ತಿಗೆ ಬಂದವನು, ಆಮೇಲೆ ಸ್ಯಾಕ್ಸ್ಟನ್ ಪೋಪ್ ಅನ್ನೋ ಡಾಕ್ಟರಿಗೆ ಬಿಲ್ವಿದ್ಯೆ ಕಲಿಸಿದ್ನಲ್ಲ, ಅವನೂ ಬಾಟ್ಲಿ ಗಾಜಲ್ಲಿ ಮೊನೆ ಮಾಡ್ತಿದ್ದ, ನಮಗೇನು ಮಡಿ?

ಒಡೆಯೋಕೆ ಕೂರೋ ಮುಂಚೆ ಕಣ್ಣಿಗೆ ಗಾಗಲ್ಸ್, ಮೂಗಿಗೆ ಎನ್95 ಮಾಸ್ಕ್, ತೊಡೆ ಮೇಲೆ ದಪ್ಪ ಚರ್ಮ ಅಥವಾ ಹಳೇ ಜೀನ್ಸ್ ಮಡಿಸಿ ಹಾಕಿ, ಕೆಳಗೆ ಟಾರ್ಪಾಲು. ಬಯಲಲ್ಲೇ ಕೂರಿ, ಬೆಣಚಿನ ಧೂಳು ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ, ಕ್ವಾರಿ ಕೆಲಸಗಾರರಿಗೆ ಬರೋ ಸಿಲಿಕೋಸಿಸ್ ಇದೇ ಧೂಳಿಂದ. ಒಂದು ಚಪ್ಪಟೆ ಗಟ್ಟಿ ಕಲ್ಲನ್ನ ನೆಲಕ್ಕೆ ಇಟ್ಟು, ಅದರ ಮೇಲೆ ಬೆಣಚಿನ ಉಂಡೆ ನೆಟ್ಟಗೆ ನಿಲ್ಲಿಸಿ ಎರಡು ಬೆರಳಲ್ಲಿ ಹಿಡಿದು, ಮೇಲಿಂದ ಹಳ್ಳದ ದುಂಡು ಕಲ್ಲಲ್ಲಿ ನೇರ ಹೊಡೀರಿ. ಓರೆ ಹೊಡೆದ್ರೆ ಬೆರಳಿಗೆ ಬೀಳುತ್ತೆ. ಮೇಲಿಂದಲೂ ಕೆಳಗಿಂದಲೂ ಪೆಟ್ಟು ಬಿದ್ದು ಉಂಡೆ ಉದ್ದಕ್ಕೆ ಸೀಳುತ್ತೆ, ಬೆಣಚಿಗೆ ಈ ಪದ್ಧತಿನೇ ಸರಿ, ಕೈಯಲ್ಲಿ ಹಿಡಿದು ಅಂಚಿಗೆ ಹೊಡೆಯೋದೆಲ್ಲ ಚರ್ಟ್‌ಗೆ. ಬಂದ ರಾಶಿಯಲ್ಲಿ ಮುಕ್ಕಾಲು ಪಾಲು ಕಸ. ಎರಡು ಮೂರು ಮಿಲಿಮೀಟರ್ ದಪ್ಪದ, ಒಂದು ಅಂಚು ನೇರವಾಗಿ ಬ್ಲೇಡಿನಂತೆ ಇರೋ ಚೂರುಗಳನ್ನ ಮಾತ್ರ ಎತ್ತಿಡಿ, ಎತ್ತುವಾಗ ಇಕ್ಕಳ ಬಳಸಿ. ಆಮೇಲೆ ಚೂಪು ಅಂಚನ್ನ ಬಿಟ್ಟು ಅದರ ಎದುರಿನ ಅಂಚನ್ನ ಕಲ್ಲಿನ ತುದಿಗೆ ಒತ್ತಿ ಒತ್ತಿ ಸಣ್ಣ ಸಣ್ಣ ಚಕ್ಕೆ ಎಬ್ಬಿಸಿ ಮೊಂಡು ಮಾಡಬೇಕು, ಮರದ ಹಿಡಿಗೆ ದಪ್ಪ ತಾಮ್ರದ ತಂತಿ ತೂರಿಸಿಕೊಂಡ್ರೆ ಅದರಲ್ಲೂ ಒತ್ತಬಹುದು. ಮೊಂಡು ಯಾಕಪ್ಪ ಅಂದ್ರೆ, ಅಂಟು ಒರಟು ಜಾಗಕ್ಕೆ ಕಚ್ಚುತ್ತೆ, ಚೂಪಿದ್ರೆ ಸುತ್ತಿದ ದಾರಾನೇ ಕತ್ತರಿಸುತ್ತೆ. ಮ್ಯೂಸಿಯಂಗಳಲ್ಲಿ ಅರ್ಧಚಂದ್ರದ ಚೂರು ನೋಡಿರ್ತೀರಲ್ಲ, ಅದರ ಬಾಗಿದ ಬೆನ್ನು ಹೀಗೇ ಮೊಂಡು ಮಾಡಿದ್ದು. ಕೆಲಸ ಆದ್ಮೇಲೆ ಟಾರ್ಪಾಲು ಮಡಿಸಿ ಚೂರೆಲ್ಲ ಗುಂಡಿಗೆ ಹಾಕಿ ಮುಚ್ಚಿ, ಜತೆಗೆ ಒಂದು ರೂಪಾಯಿ ನಾಣ್ಯಾನೂ ಹಾಕಿ, ನಾಳೆ ಯಾರಾದ್ರೂ ಅಗೆದ್ರೆ ಇದು ಶಿಲಾಯುಗದ್ದಲ್ಲ ಅಂತ ಗೊತ್ತಾಗ್ಲಿ. ಹೊರದೇಶದ ಕಲ್ಲೊಡೆಯೋ ಹವ್ಯಾಸಿಗಳಲ್ಲಿ ಇದು ಪಾಲಿಸೋ ಪದ್ಧತಿ.

ಬಾಣದ ಕಡ್ಡಿಗೆ ಮಲೆನಾಡಿನವರಿಗೆ ವಾಟೆ, ಬಾಕಿಯವರಿಗೆ ಕಿರುಬೆರಳಿಗಿಂತ ಸಣ್ಣ ಬಿದಿರು, 75 ಸೆಂಟಿಮೀಟರ್ ಆಸುಪಾಸು. ಕೆಂಡದ ಮೇಲೆ ಗೆಣ್ಣು ಬಿಸಿ ಮಾಡಿ ಬಗ್ಗಿಸಿ ತಣ್ಣಗಾಗೋವರೆಗೂ ಹಿಡಿದ್ರೆ ನೆಟ್ಟಗಾಗುತ್ತೆ. ಹಿಂದಿನ ತುದೀಲಿ ಹೆದೆ ಕೂರೋ ಕಚ್ಚು ಗೆಣ್ಣಿನ ಪಕ್ಕಕ್ಕೇ ಬರ್ಲಿ, ಕಚ್ಚಿನ ಕೆಳಗೆ ದಾರ ಸುತ್ತಿ, ಇಲ್ಲಾಂದ್ರೆ ಸೀಳುತ್ತೆ. ಗರಿಗೆ ಫಾರಂ ಟರ್ಕಿ ಕೋಳಿಯ ರೆಕ್ಕೆ, ಮೂರೂ ಒಂದೇ ಕಡೆ ರೆಕ್ಕೆಯವು ಇರಬೇಕು.

ಬಾಣದ ಮುಂಭಾಗಕ್ಕೆ ಸ್ವಲ್ಪ ತಲೆ ಓಡಿಸಬೇಕು. ಬೆಣಚಿನ ಚೂರು ತೂಗೋದು ಒಂದೆರಡು ಗ್ರಾಂ ಅಷ್ಟೇ, ಕಡ್ಡಿ ಒಳಗೆ ಪೊಳ್ಳು, ಮುಂದೆ ಭಾರ ಇಲ್ಲದ ಬಾಣ ಬಾಲ ಆಡಿಸ್ಕೊಂಡು ಎತ್ತಲೋ ಹೋಗುತ್ತೆ. ಅದಕ್ಕೆ ಜಾಲಿನೋ ಬೇರೆ ಯಾವುದಾದ್ರೂ ಗಟ್ಟಿ ಮರದ್ದೋ 15 ಸೆಂಟಿಮೀಟರ್ ಕಡ್ಡಿ ಕೆತ್ತಿ, ಅದರ ಮೂರನೇ ಒಂದು ಭಾಗ ಪೊಳ್ಳೊಳಗೆ ಬಿಗಿಯಾಗಿ ಕೂರೋ ಹಾಗೆ ಮಾಡಿ, ಕಲ್ಲನ್ನ ಕೂರಿಸೋದು ಇದರ ತುದಿಗೆ. ಭಾರಾನೂ ಬಂತು, ಕಲ್ಲು ಒಡೆದ್ರೆ ಈ ತುಂಡು ಮಾತ್ರ ಬದಲಾಯಿಸಿದ್ರೆ ಆಯ್ತು, ಗರಿ ಕಟ್ಟಿದ ಹಿಂಭಾಗ ಹಾಗೇ ಉಳಿಯುತ್ತೆ. 35 ಪೌಂಡ್ ಬಿಲ್ಲಿಗೆ ಇಡೀ ಬಾಣ ಸುಮಾರು 23 ಗ್ರಾಂ ಬಂದ್ರೆ ಸರಿ, ಅಡುಗೆಮನೆ ಡಿಜಿಟಲ್ ತಕ್ಕಡೀಲಿ ನೋಡ್ಕೊಳ್ಳಿ.

ಅಂಟಿಗೆ ಗ್ರಂದಿಗೆ ಅಂಗಡಿಗೆ ಹೋಗಿ ರಾಳ ಮತ್ತೆ ಜೇನುಮೇಣ ಕೇಳಿ. ನಾಲ್ಕು ಪಾಲು ರಾಳದ ಪುಡಿ, ಒಂದು ಪಾಲು ಮೇಣ, ಒಂದು ಪಾಲು ಜರಡಿ ಹಿಡಿದ ಇದ್ದಿಲ ಪುಡಿ. ಹಳೇ ಡಬ್ಬೀಲಿ ಸಣ್ಣ ಉರಿಯಲ್ಲಿ, ಮನೆ ಹೊರಗೆ ಕರಗಿಸಿ, ಪಕ್ಕದಲ್ಲಿ ಮುಚ್ಚೋಕೆ ತಟ್ಟೆ ಇರ್ಲಿ, ರಾಳಕ್ಕೆ ಬೆಂಕಿ ಹತ್ತಿದ್ರೆ ನೀರು ಹಾಕಬಾರದು, ಮುಚ್ಚಬೇಕು. ಒಂದು ತೊಟ್ಟು ತಣ್ಣನೆ ಕಲ್ಲಿನ ಮೇಲೆ ಬಿಟ್ಟು ಉಗುರಲ್ಲಿ ಒತ್ತಿ ನೋಡಿ: ಚಟ್ಟಂತ ಒಡೆದ್ರೆ ಮೇಣ ಸಾಲದು, ಉಗುರು ಒಳಗೆ ಹೋದ್ರೆ ಮೇಣ ಜಾಸ್ತಿ. ರಾಯಚೂರು ಬಿಸಿಲಲ್ಲಿ ಆಡೋರು ಮೇಣ ಇನ್ನೂ ಕಮ್ಮಿ ಮಾಡಿ, ಇಲ್ಲಾಂದ್ರೆ ಮಧ್ಯಾಹ್ನ ಕಲ್ಲು ಜಾರಿ ಬರುತ್ತೆ.

ಕೂರಿಸೋದು ಎರಡು ಥರ. ಸುಲಭದ್ದು ಅಡ್ಡ ಮೊನೆ: ಕಡ್ಡಿ ತುದಿ ಸೀಳಿ, ಚೂರಿನ ಮೊಂಡು ಭಾಗ ಸೀಳಿಗೆ ತೂರಿಸಿ, ಚೂಪು ಅಂಚು ಉಳಿಯಂತೆ ಮುಂದಕ್ಕೆ ಅಡ್ಡಲಾಗಿ ನಿಲ್ಲೋದು. ಇನ್ನೊಂದರಲ್ಲಿ ಒಂದು ಚೂರು ತುದೀಲಿ ಓರೆಯಾಗಿ, ಇನ್ನೊಂದು ಸ್ವಲ್ಪ ಹಿಂದೆ ಕಡ್ಡಿ ಪಕ್ಕದಲ್ಲಿ ಕೊರೆದ ತೋಡಿನಲ್ಲಿ ಮುಳ್ಳಿನ ಹಾಗೆ. ಸ್ವೀಡನ್ನಿನ ಲೋಶುಲ್ಟ್ ಜೌಗಲ್ಲಿ ಸಿಕ್ಕ ಮಧ್ಯಶಿಲಾಯುಗದ ಬಾಣದಲ್ಲಿ ಎರಡು ಚೂರು ಹೀಗೇ ಅಂಟಿಕೊಂಡೇ ಉಳಿದಿತ್ತು. ಕಲ್ಲನ್ನೂ ಸ್ವಲ್ಪ ಬಿಸಿ ಮಾಡಿ, ತಣ್ಣನೆ ಕಲ್ಲಿಗೆ ಅಂಟು ಹಿಡಿಯಲ್ಲ. ಸೀಳಿನ ಕೆಳಗೆ ಮಟನ್ ಅಂಗಡೀಲಿ ಸಿಗೋ ಕಾಲಿನ ನರ ಒಣಗಿಸಿ ಜಜ್ಜಿ ಎಳೆ ಬಿಡಿಸಿ, ಒದ್ದೆ ಮಾಡಿ ಸುತ್ತಿ. ಒಣಗ್ತಾ ತಾನೇ ಬಿಗಿಯಾಗುತ್ತೆ, ಗಂಟೂ ಬೇಡ. ಮೇಲೆ ತೆಳುವಾಗಿ ಅಂಟು ಸವರಿ, ಮಳೆಗಾಲದಲ್ಲಿ ಬರೀ ನರ ಸಡಿಲ ಬೀಳುತ್ತೆ. ಮಾಂಸ ಮುಟ್ಟದವರು ಸಣಬಿನ ದಾರ ಸುತ್ತಿ, ಏನೂ ತೊಂದರೆ ಇಲ್ಲ.

ದಿನಾ ಪ್ರಾಕ್ಟೀಸಿಗೆ ಕಲ್ಲಿನ ಬಾಣ ಬೇಡ. ಅಷ್ಟೇ ತೂಕದ ಬೆಂಕೀಲಿ ಸುಟ್ಟು ಗಟ್ಟಿ ಮಾಡಿದ ಮರದ ಮೊನೆ ಹಾಕಿ, ಭತ್ತದ ಹುಲ್ಲು ಒತ್ತಿ ತುಂಬಿದ ಗೋಣಿಚೀಲಕ್ಕೆ, 8 ಮೀಟರಿಂದ ಶುರು ಮಾಡಿ, ಹಿಂದೆ ಮಣ್ಣಿನ ದಿಬ್ಬ ಇರ್ಲಿ, ಜನ ದನ ಓಡಾಡೋ ದಾರಿ ಇರಬಾರದು. ಬಾಣ ನಿಮ್ಮ ಕೈ ಮೇಲೇ ಸವರಿಕೊಂಡು ಹೋಗುತ್ತೆ, ಗರಿಯ ದಂಟು ತೋರುಬೆರಳ ಗೆಣ್ಣು ಕೊಯ್ಯುತ್ತೆ, ಅಲ್ಲಿ ಬಟ್ಟೆ ಸುತ್ಕೊಳ್ಳಿ. ಒಂದು ಬೆರಳು ಬಾಣದ ಮೇಲೆ, ಎರಡು ಕೆಳಗೆ, ಬಾಯಿ ಮೂಲೆಗೆ ಬೆರಳು ತಾಗೋವರೆಗೂ ಎಳೆದು, ಪ್ರತಿ ಸಲ ಅಲ್ಲೇ ತಾಗಬೇಕು, ಬಾಣ ನೋಡದೆ ಟಾರ್ಗೆಟ್‌ನ ಒಂದು ಚುಕ್ಕೆ ಮಾತ್ರ ನೋಡ್ತಾ ಬೆರಳು ಸಡಿಲ ಬಿಡಿ. ಬಲಗೈಯವರಿಗೆ ಬಾಣ ಸತತ ಎಡಕ್ಕೆ ಹೋಗ್ತಿದ್ರೆ ಕಡ್ಡಿ ಬಿಲ್ಲಿಗಿಂತ ಗಡಸು, ಮುಂದಿನ ಮರದ ತುಂಡು ಭಾರ ಮಾಡಿ ಅಥವಾ ಕಡ್ಡಿ ಸ್ವಲ್ಪ ಕೆರೀರಿ, ಬಲಕ್ಕೆ ಹೋಗ್ತಿದ್ರೆ ಕಡ್ಡಿ ಮೆದು, ಸ್ವಲ್ಪ ಗಿಡ್ಡ ಮಾಡಿ. ಒಂದು ಬಾಣ ನೋಡಿ ತೀರ್ಮಾನ ಮಾಡಬೇಡಿ, ಬಾಣಗಳೆಲ್ಲ ಒಂದೇ ಕಡೆ ಗುಂಪಾಗ್ತಿವೆಯಾ ನೋಡಿ. ಪ್ರತಿ ಸಲ ಬಿಡೋ ಮುಂಚೆ ಬಾಣಾನ ಕಿವಿ ಹತ್ರ ಸ್ವಲ್ಪ ಬಗ್ಗಿಸಿ, ಚಿಟಿಚಿಟಿ ಅಂದ್ರೆ ಒಳಗೆ ಸೀಳಿದೆ, ಅಂಥದ್ದನ್ನ ಮುರಿದು ಒಲೆಗೆ ಹಾಕಿ, ಅದು ಬಿಡುವಾಗ ಮುರಿದ್ರೆ ನೇರ ನಿಮ್ಮ ಎಡಗೈಗೇ ನುಗ್ಗೋದು.

ಮರದ ಮೊನೆ ಬಾಣಗಳು ಒಂದು ಊಟದ ತಟ್ಟೆ ಅಗಲದೊಳಗೆ ಬೀಳೋಕೆ ಶುರುವಾದ್ಮೇಲೆ ಕಲ್ಲಿಂದು ತೆಗೀರಿ. ಇದಕ್ಕೆ ಟಾರ್ಗೆಟ್ ಬಾಳೆದಿಂಡು, ಗೊನೆ ಕಡಿದ ಮೇಲೆ ತೋಟದವರು ಸುಮ್ನೆ ಕೊಡ್ತಾರೆ, ಹಳೇ ಬಟ್ಟೆ ಹಾಕ್ಕೊಂಡು ಹೋಗಿ, ಆ ಕಲೆ ಜನ್ಮಕ್ಕೂ ಹೋಗಲ್ಲ. ಎರಡು ಗೂಟದ ಮಧ್ಯೆ ದಿಂಡು ನಿಲ್ಲಿಸಿ ಒಂದು ಮರದ ಮೊನೆ, ಒಂದು ಕಲ್ಲಿನ ಮೊನೆ ಪಕ್ಕಪಕ್ಕ ಹೊಡೀರಿ. ಮರದ್ದು ಪದರಗಳನ್ನ ತಳ್ಳಿ ದುಂಡು ತೂತು ಮಾಡಿರುತ್ತೆ, ಅಂಚಿನ ನಾರು ಒಳಕ್ಕೆ ಮಡಚಿಕೊಂಡಿರುತ್ತೆ. ಅಡ್ಡ ಮೊನೆಯದ್ದು ನಾರನ್ನೇ ಕತ್ತರಿಸಿ ಕಡ್ಡಿಗಿಂತ ಅಗಲದ ಸೀಳು ಬಿಟ್ಟಿರುತ್ತೆ, ರಸ ಇಳೀತಾ ಇರುತ್ತೆ. ಬಾಣ ಹಿಡಿದು ಎಳೀಬೇಡಿ, ಚೂರು ಒಳಗೇ ಉಳಿಯುತ್ತೆ, ಚಾಕಲ್ಲಿ ದಿಂಡು ಉದ್ದಕ್ಕೆ ಸೀಳಿ ಬಿಡಿಸಿ. ಅಂಚು ಮುರಿದಿದ್ರೂ ಅಂಟು ಅಲ್ಲಾಡದೆ ಇದ್ರೆ ಕೆಲಸ ಚೆನ್ನಾಗಾಗಿದೆ, ಬಿಸಿ ಮಾಡಿ ಆ ಚೂರು ಕಿತ್ತು ಅದೇ ಅಂಟಿಗೆ ಹೊಸದು ಕೂರಿಸಿ. ಚೂರು ಇಡಿಯಾಗೇ ಬಿದ್ದುಹೋಗಿದ್ರೆ ಅದರ ಬೆನ್ನು ಇನ್ನೂ ಒರಟು ಮಾಡಬೇಕಿತ್ತು ಅಂತರ್ಥ. ಸೀಳಿದ ದಿಂಡನ್ನ ದನಕ್ಕೆ ಹಾಕೋ ಹಾಗಿಲ್ಲ, ಒಳಗೆ ಕಲ್ಲಿನ ಚಕ್ಕೆ ಇರುತ್ತೆ, ಮುಂಚಿನ ಗುಂಡಿಗೇ ಹಾಕಿ ಮುಚ್ಚಿ.