ಅತ್ತೆಯ ಬೆಂಡೋಲೆ ಬಿಚ್ಚಿಸಿ ಮಗಳಿಗೆ ಒಡವೆ ಮಾಡಿಸಿದ್ದು: ನನ್ನ ಅನುಭವ

ಮನೆಯಲ್ಲಿ ಹಳೇ ವಜ್ರದ ಒಡವೆ ಇದೆ, ಅದನ್ನು ಬಿಚ್ಚಿಸಿ ಹೊಸದು ಮಾಡಿಸಬೇಕು ಅಂತ ಯೋಚಿಸುತ್ತಿದ್ದೀರಾ? ಹಾಗಾದರೆ ಮೊದಲು ಡಿಸೈನ್ ಹುಡುಕಬೇಡಿ. ಮೊದಲು ಕಲ್ಲು ಬಿಚ್ಚಿಸಿ ನೋಡಿ. ಏನು ಮಾಡಿಸಬಹುದು, ಏನು ಮಾಡಿಸಬಾರದು ಅನ್ನುವುದನ್ನು ಅರ್ಧಕ್ಕರ್ಧ ಆ ಕಲ್ಲುಗಳೇ ಹೇಳುತ್ತವೆ. ದಾವಣಗೆರೆಯಲ್ಲಿ ನಮ್ಮ ಮನೆಯ ಬೆಂಡೋಲೆ ಬಿಚ್ಚಿಸಿ ಮಗಳ ಮದುವೆಗೆ ಒಡವೆ ಮಾಡಿಸಿದಾಗ ಇದು ನನಗೆ ಚೆನ್ನಾಗಿ ಗೊತ್ತಾಯಿತು.

ಅತ್ತೆಯ ಬೆಂಡೋಲೆ ಏಳು ಕಲ್ಲಿನದು. ನಡುವೆ ಒಂದು, ಸುತ್ತ ಆರು. ಒಂದೇ ಅಳತೆಯ ದುಂಡು ಕಲ್ಲುಗಳಾದರೆ ಒಂದರ ಸುತ್ತ ಸರಿಯಾಗಿ ಆರೇ ಹಿಡಿಸುತ್ತವೆ. ಐದಾದರೆ ಜಾಗ ಉಳಿಯುತ್ತದೆ, ಏಳು ಕೂರುವುದಿಲ್ಲ. ನಮ್ಮ ಕಡೆ ಏಳು ಕಲ್ಲಿನ ಓಲೆ ಅಷ್ಟು ಚೆಂದ ಕಾಣುವುದಕ್ಕೆ ಈ ಅಳತೆಯೇ ಕಾರಣ. ಹಿಂಭಾಗ ಪೂರ್ತಿ ಮುಚ್ಚಿದ ಕಟ್ಟು. ಎಷ್ಟೋ ವರ್ಷದ ಎಣ್ಣೆ, ಅರಿಶಿನ ಒಳಗೆ ಇಳಿದು ಕಲ್ಲುಗಳು ಮಂಕಾಗಿದ್ದವು. ತಿರುಪು ಸವೆದಿತ್ತು. ಮಗಳು ನೋಡಿ, "ಅಮ್ಮಾ, ಇದನ್ನ ಪೆಟ್ಟಿಗೆಯಲ್ಲಿ ಇಡೋಕೆ ನನಗೆ ಇಷ್ಟ ಇಲ್ಲ. ದಿನಾ ಹಾಕ್ಕೊಳ್ಳೋ ಹಾಗೆ ಮಾಡಿಸಿಕೊಡು" ಅಂದಳು. ಅತ್ತೆ ಒಂದು ಮಾತೂ ಎದುರಾಡದೆ ಬಿಚ್ಚಿ ಕೊಟ್ಟರು.

ಕೆಲವು ಅಂಗಡಿಗಳಲ್ಲಿ ವಿಚಾರಿಸಿದೆ. ಒಂದು ಕಡೆ, "ಹಳೇ ಕಲ್ಲಿಗೆ ಬೆಲೆ ಇಲ್ಲ ಮೇಡಂ, ಚಿನ್ನದ ತೂಕಕ್ಕೆ ಹಾಕಿ ಹೊಸ ಸೆಟ್ ತಗೊಳ್ಳಿ" ಅಂದರು. ಇನ್ನೊಂದು ಕಡೆ ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ತೋರಿಸಿದರು. ಲ್ಯಾಬ್ ವಜ್ರದ ಬಗ್ಗೆ ನನಗೆ ತಕರಾರಿಲ್ಲ. ಅದೂ ಇಂಗಾಲವೇ, ಅದೂ ವಜ್ರವೇ, ಬೆಲೆ ಬಹಳ ಕಡಿಮೆ. ಮಾರುವವರು ಅದು ಲ್ಯಾಬ್‌ದು ಅಂತ ಬಾಯಿಬಿಟ್ಟು ಹೇಳಬೇಕು, ಬಿಲ್ಲಿನಲ್ಲಿ ಬರೆಯಬೇಕು, ಅಷ್ಟೇ. ಆದರೆ ನಮಗೆ ಬೇಕಿದ್ದದ್ದು ಅತ್ತೆಯ ಕಲ್ಲುಗಳೇ. ಬದಲಿ ಕಲ್ಲಲ್ಲ.

ಕೊನೆಗೆ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಕೂತು ಕೆಲಸ ಮಾಡುವ ಒಬ್ಬ ಆಚಾರ್ರು ಸಿಕ್ಕರು. ಪೇಟೆಯ ಒಂದು ಅಂಗಡಿಗೆ ವಜ್ರದ ಕೆಲಸ ಮಾಡಿಕೊಡುವವರು. ಅವರು ಮೊದಲು ಹೇಳಿದ ಮಾತೇ ನನಗೆ ಹಿಡಿಸಿತು. "ನೀವು ಎದುರಿಗೆ ಕುಂತ್ಕೊಂಡ್ರೆ ಮಾತ್ರ ಬಿಚ್ತೀನಿ ಅಕ್ಕಾರೆ. ಆಮೇಲೆ ಹಿಂಗಿತ್ತು, ಹಂಗಿತ್ತು ಅನ್ನೋ ಮಾತು ಬರಬಾರ್ದು ನೋಡ್ರಿ." ಮಾಡಿಸುವವರು ಹಾಕಬೇಕಾದ ಷರತ್ತನ್ನು ಮಾಡುವವರೇ ಹಾಕಿದರು. ಅಲ್ಲೇ ಗಟ್ಟಿ ಮಾಡಿದೆ.

ಓಲೆಗಳನ್ನು ತೂಗಿ, ಹಿಂದೆ ಮುಂದೆ ಫೋಟೋ ತೆಗೆದು, ಸಣ್ಣ ಉಳಿಯಿಂದ ಚಿನ್ನದ ಅಂಚನ್ನು ಮೆಲ್ಲಗೆ ಎಬ್ಬಿಸುತ್ತಾ ಒಂದೊಂದೇ ಕಲ್ಲು ಬಿಡಿಸಿದರು. ಸೋಪಿನ ನೀರಲ್ಲಿ ತೊಳೆದು ಬಿಳಿ ಹಾಳೆಯ ಮೇಲೆ ಸಾಲಾಗಿ ಇಟ್ಟರು. ಹದಿನಾಲ್ಕು ಕಲ್ಲು. ಆಗ ಕಂಡ ಮೊದಲ ವಿಷಯ ಬಣ್ಣ. ಕಟ್ಟಿನಲ್ಲಿದ್ದಾಗ ಬೆಳ್ಳಗೇ ಕಂಡಿದ್ದ ಕಲ್ಲುಗಳಲ್ಲಿ ತಿಳಿ ಹಳದಿ ಛಾಯೆ ಇತ್ತು. ಹಾಳೆಯನ್ನು ಮಡಚಿ, ಕಲ್ಲನ್ನು ಬೋರಲು ಹಾಕಿ, ಪಕ್ಕದಿಂದ ನೋಡಿದರೆ ಅದು ಚೆನ್ನಾಗಿ ಗೊತ್ತಾಗುತ್ತದೆ. ವಜ್ರದ ಬಣ್ಣಕ್ಕೆ ಅಮೆರಿಕದ ಜಿಐಎ ಎಂಬ ರತ್ನ ಪರೀಕ್ಷಾ ಸಂಸ್ಥೆ ರೂಢಿಗೆ ತಂದ ಅಳತೆ ಇದೆ. ಡಿ ಅಂದರೆ ಬಣ್ಣವೇ ಇಲ್ಲದ್ದು, ಅಲ್ಲಿಂದ ಝಡ್‌ವರೆಗೆ ಹಳದಿ ಹೆಚ್ಚುತ್ತಾ ಹೋಗುತ್ತದೆ. ನಮ್ಮವು ಜೆ, ಕೆ ಆಸುಪಾಸು ಇರಬಹುದು ಅಂತ ಆಚಾರ್ರ ಅಂದಾಜು. ಬಿಳಿ ಚಿನ್ನದಲ್ಲಿ ಮಾಡಿಸಬೇಕು ಅನ್ನುವ ಮಗಳ ಆಸೆ ಅಲ್ಲಿಗೇ ನಿಂತಿತು. ಬಿಳಿ ಲೋಹದ ಪಕ್ಕ ಈ ಹಳದಿ ಎದ್ದು ಕಾಣುತ್ತದೆ. ಹಳದಿ ಚಿನ್ನದಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ.

ಎರಡನೆಯದು ಕಲ್ಲು ಕತ್ತರಿಸಿದ ರೀತಿ. ಈಗಿನ ದುಂಡು ವಜ್ರಕ್ಕೆ 57 ಮುಖ. ಅದರ ಕೋನಗಳ ಲೆಕ್ಕವನ್ನು ಮಾರ್ಸೆಲ್ ಟೋಲ್ಕೊವ್‌ಸ್ಕಿ ಎಂಬವರು 1919ರಲ್ಲಿ ಬರೆದಿಟ್ಟರು. ಅದಕ್ಕೂ ಹಿಂದಿನ ಪದ್ಧತಿಯ ಕಲ್ಲುಗಳು ಹೆಚ್ಚು ಆಳ, ತಲೆ ಎತ್ತರ, ಕೆಳಗಿನ ತುದಿಯನ್ನು ಚೂಪು ಮಾಡದೆ ಚಪ್ಪಟೆ ಬಿಟ್ಟಿರುತ್ತಾರೆ. ಲೂಪ್ (ಕಲ್ಲು ನೋಡುವ ಸಣ್ಣ ಭೂತಗನ್ನಡಿ) ಹಿಡಿದು ಮೇಲಿನಿಂದ ನೋಡಿದರೆ ನಡುವೆ ಒಂದು ಸಣ್ಣ ದುಂಡು ಗುರುತು ಕಾಣುತ್ತದೆ. ನಮ್ಮ ಹದಿನಾಲ್ಕರಲ್ಲೂ ಅದಿತ್ತು. ಆಚಾರ್ರು ಪಕ್ಕದಲ್ಲಿ ಸೂರತ್‌ನಿಂದ ಬಂದ ಅದೇ ಅಳತೆಯ ಒಂದು ಹೊಸ ಕಲ್ಲು ಇಟ್ಟು ತೋರಿಸಿದರು. ಹೊಸದು ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಿಕ್ಕ ಚಿಕ್ಕ ಮಿಂಚು ಹಾರಿಸುತ್ತದೆ. ಹಳೆಯದು ಅಗಲವಾದ ಮಿಂಚು, ನಿಧಾನ. ಎರಡೂ ಚೆಂದವೇ. ಆದರೆ ಪಕ್ಕಪಕ್ಕ ಕೂರಿಸಿದರೆ ಯಾರ ಕಣ್ಣಿಗೂ ಬೇರೆ ಬೇರೆ ಅಂತ ಗೊತ್ತಾಗುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಒಂದು ಕಲ್ಲಿನ ಅಂಚು ಮುಕ್ಕಾಗಿತ್ತು. ಹಳೇ ಕಲ್ಲುಗಳ ಸುತ್ತಿನ ಅಂಚು ಬಹಳ ತೆಳ್ಳಗಿರುತ್ತದೆ, ಬೇಗ ಸಿಪ್ಪೆ ಏಳುತ್ತದೆ. ವಜ್ರ ಗಟ್ಟಿ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಗೀರು ಬೀಳದಷ್ಟು ಗಟ್ಟಿ ಹೌದು, ಏಟು ತಡೆಯುವಷ್ಟು ಅಲ್ಲ. ಮುಕ್ಕಾದದ್ದನ್ನು ತೆಗೆದು ಹೊಸ ಕಲ್ಲು ಹಾಕಿದರೆ ಅದೊಂದೇ ಬೇರೆ ಕಾಣುತ್ತದೆ. ಹಾಗಾದರೆ ಉಳಿಯುವುದು ಹದಿಮೂರು. ಆಚಾರ್ರು ಮೇಣದ ಉಂಡೆಯನ್ನು ಚಪ್ಪಟೆ ಮಾಡಿ ಅದರ ಮೇಲೆ ಕಲ್ಲುಗಳನ್ನು ಕೂರಿಸುತ್ತಾ ಹೋದರು. ಸಾಲಾಗಿ ಇಟ್ಟರು, ಎಲೆಯ ಆಕಾರ ಮಾಡಿದರು, ಕೆಡಿಸಿದರು. ಕೊನೆಗೆ ಪೆಂಡೆಂಟ್‌ಗೆ ಏಳು, ಕಿವಿಗೆ ಮೂರು ಮೂರು. ಪೆಂಡೆಂಟ್ ಅದೇ ಬೆಂಡೋಲೆಯ ಏಳರ ಕಟ್ಟು, ಅದೇ ರೂಪ. ಅತ್ತೆಗೆ ಅದು ಬಹಳ ಹಿಡಿಸಿತು. ಹದಿನಾಲ್ಕನೆಯದನ್ನು ಅವರಿಗೇ ಮೂಗುಬೊಟ್ಟು ಮಾಡಿಸಿದೆವು. ಸುತ್ತ ಚಿನ್ನದ ಅಂಚು ಬರುವ ಕಟ್ಟಾದ್ದರಿಂದ ಮುಕ್ಕು ಅಂಚಿನ ಅಡಿಗೆ ಹೋಯಿತು.

ಇನ್ನೊಂದು ಕಲ್ಲಿನೊಳಗೆ ಕಪ್ಪು ಚುಕ್ಕೆ ಇತ್ತು. ಕಪ್ಪು ಚುಕ್ಕೆಯ ವಜ್ರ ಮನೆಗೆ ಆಗಿಬರಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಾನು ಅದನ್ನು ಮುಚ್ಚಿಡದೆ ಅತ್ತೆಗೆ ಹೇಳಿದೆ. ಅವರು ಲೂಪ್ ಹಿಡಿದು ಬಹಳ ಹೊತ್ತು ನೋಡಿ, "ಇಷ್ಟು ವರ್ಷ ನನ್ನ ಕಿವಿಯಾಗೇ ಇತ್ತಲ್ಲ, ನನಗೇನಾತು? ಹಾಕಿಸು" ಅಂದರು. ಆ ಮಾತು ಮುಗಿಯಿತು.

ಬಿಡಿಸಿದ ದಿನವೇ ಒಂದು ಕೆಲಸ ಮಾಡಿ. ಪ್ರತಿ ಕಲ್ಲಿನ ತೂಕ, ಅಡ್ಡಳತೆ, ಎದ್ದು ಕಾಣುವ ಗುರುತು ಬರೆದುಕೊಳ್ಳಿ. 100 ಸೆಂಟ್‌ಗೆ ಒಂದು ಕ್ಯಾರೆಟ್, ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ನಮ್ಮ ಒಂದೊಂದು ಕಲ್ಲು ಸುಮಾರು 3 ಮಿಲಿಮೀಟರ್ ಅಗಲ, 11 ಸೆಂಟ್ ಆಸುಪಾಸು. ಒಟ್ಟು ಒಂದೂವರೆ ಕ್ಯಾರೆಟ್, ಅಂದರೆ 0.3 ಗ್ರಾಂ. ಲೂಪ್‌ನ ಮೇಲೆ ಮೊಬೈಲ್ ಇಟ್ಟು ಎಲ್ಲದರ ಫೋಟೋ ತೆಗೆದೆ. ಒಳಗಿನ ಚುಕ್ಕೆ, ಗೆರೆ ಒಂದು ಕಲ್ಲಿನ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ, ಹಾಗಾಗಿ ಈ ಫೋಟೋಗಳೇ ನಮಗೆ ಸಾಕ್ಷಿ. ಇಷ್ಟು ಸಣ್ಣ ಕಲ್ಲುಗಳಿಗೆ ಒಂದೊಂದಕ್ಕೂ ಸರ್ಟಿಫಿಕೇಟ್ ಮಾಡಿಸುವುದು ಸುಮ್ನೆ ಖರ್ಚು ಅಂತ ನನ್ನ ಅಭಿಪ್ರಾಯ. ಹೊಸದಾಗಿ ದೊಡ್ಡ ಕಲ್ಲು ಕೊಳ್ಳುವುದಾದರೆ ಮಾತ್ರ ಜಿಐಎ ಅಥವಾ ಐಜಿಐ ಪರೀಕ್ಷಾ ಸಂಸ್ಥೆಯ ವರದಿ ಇಲ್ಲದೆ ಮುಟ್ಟಬೇಡಿ.

ಕಲ್ಲುಗಳನ್ನು ಪೊಟ್ಟಣ ಕಟ್ಟಿ ಮನೆಗೆ ತಂದೆ. ಬೆಸುಗೆ ಕೆಲಸ ಎಲ್ಲ ಮುಗಿದ ಮೇಲೆಯೇ ಕಲ್ಲು ಕೂರಿಸುವುದು. ಅಲ್ಲಿಯವರೆಗೆ ಅಳತೆ ನೋಡುವಾಗ ಬಿಟ್ಟರೆ ಕಲ್ಲುಗಳಿಗೆ ಅಲ್ಲಿ ಕೆಲಸವಿಲ್ಲ. ಬೆಂಕಿ ನೇರ ತಗುಲಿದರೆ ವಜ್ರದ ಮೈ ಮಂಜಾಗುತ್ತದೆ. ಕಲ್ಲಿದ್ದ ಒಡವೆಯನ್ನೇ ಬೆಸೆಯಬೇಕಾಗಿ ಬಂದರೆ ಕಲ್ಲಿಗೆ ಬಿಳಿಗಾರ ಬಳಿದು ಕಾಪಾಡುತ್ತಾರಂತೆ.

ಚಿನ್ನದ ಲೆಕ್ಕದಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೇ ಓಲೆಯ ಚಿನ್ನವನ್ನು ಕಲ್ಲು ತೆಗೆದ ಮೇಲೆ ತೂಗಿಸಿದೆ, ಎದುರಿಗೇ ಕರಗಿಸಿದರು, ಆಮೇಲೆ ಮಷಿನ್‌ನಲ್ಲಿ ಶುದ್ಧತೆ ನೋಡಿಸಿದೆ. ಕರಗಿಸದೆ ನೋಡಿದರೆ ಮಷಿನ್ ಮೇಲ್ಮೈಯನ್ನು ಮಾತ್ರ ಓದುತ್ತದೆ, ಒಳಗಿನ ಬೆಸುಗೆ ಲೆಕ್ಕಕ್ಕೆ ಬರುವುದಿಲ್ಲ. ದಿನಾ ಹಾಕುವ ವಜ್ರದ ಒಡವೆಗೆ 22 ಕ್ಯಾರೆಟ್ ಮೆತ್ತಗಾಯಿತು, 18 ಕ್ಯಾರೆಟ್ ಇರಲಿ ಅಂತ ಆಚಾರ್ರು ಹೇಳಿದರು. ಇಲ್ಲಿ ಕ್ಯಾರೆಟ್ ಅಂದರೆ ಕಲ್ಲಿನ ತೂಕದ ಲೆಕ್ಕವಲ್ಲ, ಚಿನ್ನದ ಶುದ್ಧತೆ. 18ರಲ್ಲಿ ಚಿನ್ನ ನೂರಕ್ಕೆ 75 ಭಾಗ, ಉಳಿದದ್ದು ತಾಮ್ರ, ಬೆಳ್ಳಿ, ಅದರಿಂದಲೇ ಅದಕ್ಕೆ ಗಟ್ಟಿತನ. ಈಗ ಲೆಕ್ಕ ನೋಡಿ. 10 ಗ್ರಾಂ 916 (ಅಂದರೆ 22 ಕ್ಯಾರೆಟ್) ಚಿನ್ನದಲ್ಲಿ 9.16 ಗ್ರಾಂ ಅಪ್ಪಟ ಚಿನ್ನ. ಅದನ್ನೇ 18 ಕ್ಯಾರೆಟ್ ಮಾಡಿದರೆ 12.2 ಗ್ರಾಂ ಆಗುತ್ತದೆ. ಹಾಗಾಗಿ "10 ಗ್ರಾಂ ಕೊಟ್ಟಿರಿ, 10 ಗ್ರಾಂ ವಾಪಸ್" ಅನ್ನುವುದು ಸರಿ ಲೆಕ್ಕ ಅಲ್ಲ. ಕೊಟ್ಟದ್ದನ್ನೂ ಪಡೆದದ್ದನ್ನೂ ಅಪ್ಪಟ ಚಿನ್ನಕ್ಕೆ ಇಳಿಸಿಯೇ ಹೋಲಿಸಬೇಕು. ಒಡವೆಯ ಒಟ್ಟು ತೂಕದಿಂದ ಕಲ್ಲಿನ ತೂಕ ಕಳೆದಿದ್ದಾರಾ ಅಂತಲೂ ನೋಡಿ.

ಮಜೂರಿಯನ್ನು ಶೇಕಡಾ ಲೆಕ್ಕದ ವೇಸ್ಟೇಜ್ ಆಗಿ ಬೇಡ, ಈ ಕೆಲಸಕ್ಕೆ ಇಷ್ಟು ಅಂತ ಹೇಳಿ ಅಂದೆ. ಇಂಥ ಕೆಲಸದಲ್ಲಿ ಚಿನ್ನ ಕಡಿಮೆ, ಕೈಕೆಲಸ ಜಾಸ್ತಿ. ತೂಕದ ಲೆಕ್ಕ ಹಿಡಿದರೆ ಒಂದೋ ಅವರಿಗೆ ನಷ್ಟ, ಇಲ್ಲವೇ ಒಡವೆ ಬೇಕಿಲ್ಲದೆ ದಪ್ಪ ಆಗುತ್ತದೆ. ಆಚಾರ್ರು ಕೇಳಿದ್ದನ್ನು ನಾನು ಚೌಕಾಸಿ ಮಾಡಲಿಲ್ಲ. ಅಷ್ಟು ಸಣ್ಣ ಗೂಡುಗಳನ್ನು ಒಂದೊಂದು ಕಲ್ಲಿನ ಅಳತೆಗೆ ಕೈಯಲ್ಲೇ ಮಾಡುವವರು ಪೇಟೆಯಲ್ಲಿ ಕಡಿಮೆಯಾಗುತ್ತಿದ್ದಾರೆ. ಆ ದುಡಿಮೆಗೆ ತಕ್ಕ ದುಡ್ಡು ಸಿಗಲೇಬೇಕು.

ಕಟ್ಟು ಯಾವುದು ಅನ್ನುವುದರಲ್ಲಿ ಮಗಳಿಗೂ ಆಚಾರ್ರಿಗೂ ಸ್ವಲ್ಪ ವಾದ ಆಯಿತು. ಅವಳಿಗೆ ನಾಲ್ಕು ಕಾಲಿನಲ್ಲಿ ಹಿಡಿಯುವ ಸೆಟ್ಟಿಂಗ್ ಬೇಕಿತ್ತು. "ಈ ಕಲ್ಲಿನ ಅಂಚು ತೆಳು ಐತೆ ತಾಯಿ. ಕಾಲು ಒತ್ತುವಾಗ ಸಿಪ್ಪೆ ಎದ್ರೆ ನಾನೇನು ಮಾಡ್ಲಿ?" ಅಂದರು. ಸುತ್ತ ತೆಳ್ಳನೆ ಚಿನ್ನದ ಅಂಚು, ಹಿಂಭಾಗ ತೆರೆದದ್ದು ಅಂತ ತೀರ್ಮಾನ ಆಯಿತು. ಹಿಂಭಾಗ ತೆರೆದಿದ್ದರೆ ತೊಳೆಯುವುದು ಸುಲಭ.

ಚಿನ್ನ ಮುಟ್ಟುವ ಮೊದಲು ಡ್ರಾಯಿಂಗನ್ನು ನಿಜವಾದ ಅಳತೆಯಲ್ಲೇ ಬರೆಸಿಕೊಳ್ಳಿ. ಮೊಬೈಲ್ ಪರದೆಯಲ್ಲಿ ಎಲ್ಲವೂ ದೊಡ್ಡದಾಗಿಯೇ ಕಾಣುತ್ತದೆ. ನಾವು ಅದನ್ನು ದಪ್ಪ ಕಾಗದದಲ್ಲಿ ಕತ್ತರಿಸಿ, ದಾರ ಪೋಣಿಸಿ ಮಗಳ ಕುತ್ತಿಗೆಗೆ ಹಾಕಿ ನೋಡಿದೆವು. ಕೊಂಡಿ ಕೆಳಗಿದ್ದರೆ ಪೆಂಡೆಂಟ್ ಬೋರಲಾಗುತ್ತದೆ, ಅದಕ್ಕೆ ಕೊಂಡಿಯನ್ನು ಮೇಲಿನ ಕಲ್ಲಿನ ನೆತ್ತಿಗೇ ಕೊಡಿಸಿದೆವು. ಅತ್ತೆಯ ಓಲೆಯ ತಿರುಪಿನ ಕಡ್ಡಿ ದಪ್ಪ, ಮಗಳ ಕಿವಿಯ ತೂತು ಸಣ್ಣದು. ಕಡ್ಡಿಯ ದಪ್ಪವನ್ನು ಅವಳ ದಿನದ ಓಲೆಗೆ ಹೋಲಿಸಿ ಹೇಳಿದೆ. ಇಂಥ ಸಣ್ಣ ವಿಷಯವನ್ನು ಯಾರೂ ಕೇಳುವುದಿಲ್ಲ, ನಾವೇ ಹೇಳಬೇಕು.

ಹಾಲ್‌ಮಾರ್ಕ್ ವಿಷಯ. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯದ್ದೇ ಆದ ಗುರುತಿನ ಸಂಖ್ಯೆ, ಇರಲೇಬೇಕು. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ವಿನಾಯಿತಿ ಇದೆ, ಹಾಗಾಗಿ ಮೂಗುಬೊಟ್ಟಿಗೆ ಮುದ್ರೆ ಇಲ್ಲ. ವರ್ಷದ ವಹಿವಾಟು 40 ಲಕ್ಷದೊಳಗಿನ ಸಣ್ಣ ಕೆಲಸಗಾರರಿಗೂ ವಿನಾಯಿತಿ ಉಂಟು. ನಮ್ಮ ಪೆಂಡೆಂಟ್, ಓಲೆಗಳಿಗೆ ಆಚಾರ್ರು ಕೆಲಸ ಮಾಡುವ ಅಂಗಡಿಯ ಮೂಲಕವೇ ಮುದ್ರೆ ಹಾಕಿಸಿದೆ. 18ಕೆ750 ಅಂತ ಇರುತ್ತದೆ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಎಚ್‌ಯುಐಡಿ ಸಂಖ್ಯೆ ಹಾಕಿದರೆ ಯಾವ ಒಡವೆ, ಎಷ್ಟು ಶುದ್ಧತೆ ಎಲ್ಲ ಬರುತ್ತದೆ. ನಮ್ಮದೇ ಚಿನ್ನ ಕೊಟ್ಟಿದ್ದರಿಂದ ಬಿಲ್ಲಿನಲ್ಲಿ ಮಜೂರಿಗೆ ಶೇ 5 ಜಿಎಸ್‌ಟಿ ಬಂತು. ಪಕ್ಕಾ ಬಿಲ್ಲನ್ನೇ ಕೇಳಿ ತೆಗೆದುಕೊಂಡೆ.

ಕಲ್ಲು ಕೂರಿಸಿದ ದಿನ ಮತ್ತೆ ಎದುರಿಗೇ ಕೂತಿದ್ದೆ. ಒಡವೆ ಕೈಗೆ ಬಂದಾಗ ಮೂರು ವಿಷಯ ನೋಡಿದೆ. ಫೋಟೋದ ಗುರುತುಗಳು ಅವೇ ಕಲ್ಲುಗಳಲ್ಲಿ ಇವೆಯಾ? ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದರೆ ಯಾವ ಕಲ್ಲಾದರೂ ಅಲುಗುವ ಸದ್ದು ಬರುತ್ತದಾ? ರೇಷ್ಮೆ ಸೀರೆಯ ಸೆರಗಿನ ಮೇಲೆ ಸವರಿದರೆ ಎಲ್ಲಾದರೂ ಎಳೆ ಸಿಕ್ಕಿಕೊಳ್ಳುತ್ತದಾ? ಒಂದು ಕಡೆ ಎಳೆ ಸಿಕ್ಕಿತು, ಆಚಾರ್ರು ಆಗಲೇ ಉಜ್ಜಿ ನುಣುಪು ಮಾಡಿಕೊಟ್ಟರು.

ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಗಣಿಗಳಲ್ಲಿ ಜಿಡ್ಡು ಸವರಿದ ಹಲಗೆಯ ಮೇಲೆ ನೀರು, ಕಲ್ಲುಪುಡಿ ಹರಿಸಿ ವಜ್ರವನ್ನು ಬೇರೆ ಮಾಡುತ್ತಿದ್ದದ್ದೂ ಇದೇ ಗುಣ ನಂಬಿ. ಹಾಗಾಗಿ ಎಣ್ಣೆ ಸ್ನಾನದ ದಿನ ಒಡವೆ ತೆಗೆದಿಡುವಂತೆ ಮಗಳಿಗೆ ಹೇಳಿದ್ದೇನೆ. ಉಗುರು ಬೆಚ್ಚನೆಯ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆ ಬ್ರಷ್‌ನಿಂದ ಹಿಂಭಾಗವನ್ನೂ ಉಜ್ಜಿದರೆ ಸಾಕು. ಸಿಂಕ್ ಮೇಲೆ ತೊಳೆಯಬಾರದು, ಬೋಗುಣಿಯಲ್ಲೇ ತೊಳೆಯಬೇಕು. ವರ್ಷಕ್ಕೊಮ್ಮೆ ಊರಿಗೆ ಬಂದಾಗ ತಿರುಪು, ಅಂಚು ನೋಡಿಸುವುದು ಅಂತ ಆಚಾರ್ರ ಹತ್ತಿರ ಮಾತಾಗಿದೆ. ಅದಕ್ಕೆ ದುಡ್ಡು ಬೇಡ ಅಂದಿದ್ದಾರೆ, ಆದರೂ ಕೊಡುವುದು ಅಂತ ನಾವು ನಿಶ್ಚಯ ಮಾಡಿದ್ದೇವೆ.