ಮೈಲೇಜ್ ಬಿತ್ತು ಅಂತ ಎಂಜಿನ್‌ಗೆ ಕೈ ಹಾಕಿಸುವ ಮುಂಚೆ

ನಮ್ಮದು ಎಂಟು ವರ್ಷದ ಸಣ್ಣ ಪೆಟ್ರೋಲ್ ಕಾರು. ಇರೋದು ಚಿಕ್ಕಮಗಳೂರು, ತವರು ಹಾಸನ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ, ಲೀಟರಿಗೆ 17 ಕೊಡುತ್ತಿದ್ದ ಗಾಡಿ 13ಕ್ಕೆ ಇಳಿದಿತ್ತು. ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು, ಇಂಜೆಕ್ಟರ್ ಕ್ಲೀನ್ ಮಾಡಿದರು, ಹೊಸ ಏರ್ ಫಿಲ್ಟರ್ ಹಾಕಿದರು. ಆರು ಸಾವಿರ ಹೋಯಿತು, ಮೈಲೇಜ್ ಮಾತ್ರ ಅಲ್ಲೇ ನಿಂತಿತ್ತು. ಆಮೇಲೆ ನಾನೇ ಒಂದೊಂದಾಗಿ ಹುಡುಕಲು ಶುರು ಮಾಡಿದೆ.

ಮೊದಲು ಸರಿಯಾಗಿ ಅಳೆಯಿರಿ. ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ. ಪೈಪ್ ತಾನಾಗಿ ಕಟ್ ಆದಾಗ ನಿಲ್ಲಿಸಿ, ಆಮೇಲೆ ರೌಂಡ್ ಮಾಡಲು ಸುಮ್ನೆ ಸುರಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಹಾಗೇ ತುಂಬಿಸಿ, ಓಡಿದ ಕಿಲೋಮೀಟರನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲವಾದರೂ ಮಾಡಿ. ದಾರಿಯೂ ಒಂದೇ ಇರಬೇಕು. ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತಿದ ವಾರವನ್ನು ಬೇಲೂರು ರಸ್ತೆಯ ವಾರಕ್ಕೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

ನಾನು ಹಾಸನದ ದಾರಿಯಲ್ಲಿ ಮಾತ್ರ ಅಳೆದಾಗ 15 ಬಂತು. ಆಗ ಹೊಳೆಯಿತು: ಆ 17 ಬರುತ್ತಿದ್ದದ್ದು ವಾರವಾರವೂ ಹಾಸನಕ್ಕೆ ಹೋಗುತ್ತಿದ್ದ ಕಾಲದಲ್ಲಿ. ಈಗ ಜಾಸ್ತಿ ಓಡಾಟ ಮಗಳ ಸ್ಕೂಲಿಗೆ, ಎರಡೇ ಕಿಲೋಮೀಟರ್. ಎಂಜಿನ್ ತಣ್ಣಗಿರುವಾಗ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ನಮ್ಮೂರಿನ ಚಳಿಯಲ್ಲಿ ಅದು ಬಿಸಿಯಾಗುವ ಮುಂಚೆಯೇ ಸ್ಕೂಲ್ ಬಂದಿರುತ್ತದೆ. ಈಗ ತರಕಾರಿ, ಬ್ಯಾಂಕು ಎಲ್ಲವನ್ನೂ ಅದೇ ಸುತ್ತಿನಲ್ಲಿ ಮುಗಿಸುತ್ತೇನೆ. ಬಿದ್ದ ನಾಲ್ಕರಲ್ಲಿ ಎರಡು ಹೀಗೆ ರಸ್ತೆಯ ಲೆಕ್ಕಕ್ಕೆ ಹೋಯಿತು.

ಉಳಿದ ಎರಡು ಸಿಕ್ಕಿದ್ದು ಬೇಲೂರಿನ ಹತ್ತಿರ, ಟೀ ಕುಡಿಯಲು ನಿಲ್ಲಿಸಿದಾಗ. ಎಡಗಡೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಹತ್ತಿರ ಕೈ ಹಿಡಿದರೆ ಒಲೆ ಮುಂದೆ ಹಿಡಿದ ಹಾಗೆ ಝಳ. ಬಲಗಡೆ ಚಕ್ರ ಬರೀ ಬೆಚ್ಚಗಿತ್ತು. ನೀವೂ ಹೀಗೆ ನೋಡಿ: ಅರ್ಧ ಗಂಟೆ ಓಡಿಸಿ, ಬ್ರೇಕ್ ಜಾಸ್ತಿ ಒತ್ತದೆ ನಿಧಾನವಾಗಿ ನಿಲ್ಲಿಸಿ, ಎರಡೂ ಕಡೆ ಹೋಲಿಸಿ. ಡಿಸ್ಕ್ ಮುಟ್ಟಬೇಡಿ, ಕೈ ಸುಡುತ್ತದೆ. ಅನುಮಾನ ಬಂದರೆ ಗ್ಯಾರೇಜಿನಲ್ಲಿ ಜಾಕ್ ಹಾಕಿಸಿ, ನ್ಯೂಟ್ರಲ್‌ನಲ್ಲಿ ಚಕ್ರ ತಿರುಗಿಸಿ ನೋಡಲು ಹೇಳಿ. ಸ್ವಲ್ಪ ಸವರುವ ಸದ್ದು ಮಾಮೂಲು. ಕೈಯಲ್ಲಿ ಬಲ ಹಾಕಿ ತಿರುಗಿಸಬೇಕಾದರೆ ಬ್ರೇಕ್ ಹಿಡಿದುಕೊಂಡಿದೆ ಅಂತ. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಹಿಂದೆಮುಂದೆ ಸರಿಯುವುದು ಒಂದು ಪಿನ್ನಿನ ಮೇಲೆ; ನನ್ನ ಕಾರಿನ ಆ ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಸರಿಯುತ್ತಲೇ ಇರಲಿಲ್ಲ. ಮಲೆನಾಡಿನ ಮಳೆ, ಕೆಸರು, ಆಗದೆ ಇರುತ್ತದಾ? ಪಿನ್ ತಿಕ್ಕಿ ಬ್ರೇಕ್ ಗ್ರೀಸ್ ಹಾಕಿದ ಮೇಲೆ ಅದೇ ಹಾಸನದ ದಾರಿಯಲ್ಲಿ ಮತ್ತೆ 17 ಬಂತು. ಮೈಲೇಜಿಗಿಂತ ದೊಡ್ಡ ಮಾತೆಂದರೆ, ಅಂಥ ಬ್ರೇಕ್ ಇಟ್ಟುಕೊಂಡು ಮಗಳನ್ನು ಕೂರಿಸಿಕೊಂಡು ಓಡಾಡಿದ್ದೆ.

ಟೈರಿನ ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ನೋಡಿಸಿ. ಎಷ್ಟು ಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರಿನಲ್ಲಿರುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಅಂತ ತೋರಿಸುವ ಡ್ಯಾಶ್‌ಬೋರ್ಡಿನ ನೀಲಿ ದೀಪ (ಹೈ ಬೀಮ್‌ನದಲ್ಲ) ಎಷ್ಟು ದೂರ ಓಡಿಸಿದರೂ ಆರದಿದ್ದರೆ, ಎಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿರಬಹುದು. ಆಗ ಎಂಜಿನ್ ಬಿಸಿಯೇರದೆ ಪೆಟ್ರೋಲ್ ಎಳೆಯುತ್ತಲೇ ಇರುತ್ತದೆ. ಚೆಕ್ ಎಂಜಿನ್ ದೀಪ ಹತ್ತಿದ್ದರೆ ಮೊದಲು ಸ್ಕ್ಯಾನ್ ಮಾಡಿಸಿ, ಆಕ್ಸಿಜನ್ ಸೆನ್ಸರ್ ಕೆಟ್ಟಿದ್ದರೂ ಮೈಲೇಜ್ ಬೀಳುತ್ತದೆ. ಏರ್ ಫಿಲ್ಟರ್ ಬಗ್ಗೆ ಜಾಸ್ತಿ ಆಸೆ ಬೇಡ. ಈಗಿನ ಇಂಜೆಕ್ಷನ್ ಗಾಡಿಗಳು ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತವೆ. ಫಿಲ್ಟರ್ ಕಟ್ಟಿದರೆ ಮೈಲೇಜಿಗಿಂತ ಪಿಕಪ್ ಮೊದಲು ಹೋಗುತ್ತದೆ.

ಶಿರಾಡಿ, ಚಾರ್ಮಾಡಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವವರು ಇನ್ನೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಷನ್ ಗಾಡಿ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಇರಲು ಪೆಟ್ರೋಲ್ ಬೇಕೇ ಬೇಕು. ಜೊತೆಗೆ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಎರಡನೇ ಇಲ್ಲ ಮೂರನೇ ಗೇರಿನಲ್ಲೇ ಇಳಿಯಿರಿ.

ಇನ್ನೊಂದು, ಪೆಟ್ರೋಲಿಗೆ ಬೆರೆಸುವ ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. ಹಾಗಾಗಿ 20 ಪರ್ಸೆಂಟ್ ಬೆರೆಸಿದ್ದರಲ್ಲಿ, ಬರೀ ಪೆಟ್ರೋಲಿಗೆ ಹೋಲಿಸಿದರೆ, 6ರಿಂದ 7 ಪರ್ಸೆಂಟ್ ಶಕ್ತಿ ಕಡಿಮೆ. ಅಷ್ಟು ಇಳಿಕೆಗೆ ಗಾಡಿ ಬಿಚ್ಚಿಸಬೇಡಿ.

ರಿಪೇರಿ ಎರಡಿದ್ದರೆ ಒಂದು ಮಾಡಿಸಿ, ಅದೇ ದಾರಿಯಲ್ಲಿ ಅಳೆದು, ಆಮೇಲೆ ಇನ್ನೊಂದು. ಬ್ರೇಕ್ ಮಾತ್ರ ಕಾಯಿಸಬೇಡಿ. ಮಳೆಗಾಲ ಕಳೆದ ಮೇಲೆ ಕ್ಯಾಲಿಪರ್ ಪಿನ್ ಬಿಚ್ಚಿಸಿ ಗ್ರೀಸ್ ಹಾಕಿಸಿ, ನಾಲ್ಕೂ ಚಕ್ರ ತಿರುಗುವುದನ್ನು ಎದುರಿಗೆ ನಿಂತು ನೋಡಿ.