‘ಟು ಹ್ಯಾನೋವರ್’ ಬಿಲ್ಲೆ, ಅಸಲಿ ಸವರನ್: ನಾನು ಪರೀಕ್ಷಿಸುವ ಕ್ರಮ

ಹಳೆಯ ಒಡವೆಗಳ ಜೊತೆ ಬರುವ ವಿಕ್ಟೋರಿಯಾ ರಾಣಿಯ ಪವನುಗಳಲ್ಲಿ ನಾನು ಮೊದಲು ನೋಡುವುದು ಇಸವಿ. ಒಂದು ಬದಿ ರಾಣಿಯ ಮುಖ, ಇನ್ನೊಂದು ಬದಿ ಕುದುರೆ ಸವಾರ, ಜೊತೆಗೆ 1837 ಎಂದಿದ್ದರೆ ಅದು ಸವರನ್ (ಬ್ರಿಟನ್ನಿನ ಚಿನ್ನದ ನಾಣ್ಯ, ನಮ್ಮ ಮಾತಿನ ಪವನು) ಅಲ್ಲವೇ ಅಲ್ಲ, ‘ಟು ಹ್ಯಾನೋವರ್’ ಎಂಬ ಹಿತ್ತಾಳೆ ಬಿಲ್ಲೆ. ವಿಕ್ಟೋರಿಯಾ ಸವರನ್‌ಗಳ ಇಸವಿ ಶುರುವಾಗುವುದು 1838ರಿಂದ. ಹಿಂಬದಿಗೆ ಸಂತ ಜಾರ್ಜ್‌ನ ಕುದುರೆ ಮರಳಿದ್ದು 1871ರಲ್ಲಿ. ಅಲ್ಲಿಯವರೆಗೆ ಇದ್ದದ್ದು ರಾಜಲಾಂಛನದ ಗುರಾಣಿ. ಲೆನ್ಸ್ ಹಿಡಿದರೆ ಬಿಲ್ಲೆಯ ಸವಾರನ ಮೇಲ್ಭಾಗದಲ್ಲಿ ಇಂಗ್ಲಿಷ್‌ನಲ್ಲಿ ‘ಟು ಹ್ಯಾನೋವರ್’ (ಹ್ಯಾನೋವರ್‌ಗೆ) ಎಂದು ಓದಬಹುದು.

ಈ ಸವಾರ ಕಂಬರ್ಲೆಂಡ್‌ನ ಡ್ಯೂಕ್ ಅರ್ನ್ಸ್ಟ್ ಆಗಸ್ಟ್. ಜರ್ಮನಿಯ ಹ್ಯಾನೋವರ್ ಮನೆತನ 1714ರಿಂದ ಬ್ರಿಟನ್ನನ್ನೂ ಆಳುತ್ತಿತ್ತು. 1837ರಲ್ಲಿ ನಾಲ್ಕನೆಯ ವಿಲಿಯಂ ತೀರಿಕೊಂಡಾಗ ಬ್ರಿಟನ್ ವಿಕ್ಟೋರಿಯಾಗೆ ಬಂತು. ವಂಶದಲ್ಲಿ ಗಂಡು ವಾರಸುದಾರರಿದ್ದಾಗ ಹ್ಯಾನೋವರ್‌ನಲ್ಲಿ ಹೆಣ್ಣಿಗೆ ಪಟ್ಟವಿಲ್ಲದ್ದರಿಂದ ಅದು ಆಕೆಯ ಚಿಕ್ಕಪ್ಪ ಅರ್ನ್ಸ್ಟ್‌ನ ಪಾಲಾಯಿತು. ಬ್ರಿಟನ್ನಿನ ಜನಕ್ಕೆ ಆತನನ್ನು ಕಂಡರೆ ಆಗುತ್ತಿರಲಿಲ್ಲ; ಬಿಲ್ಲೆ ಆತನ ನಿರ್ಗಮನದ ಗೇಲಿ. ಇಸ್ಪೀಟಾಟದ ಲೆಕ್ಕಕ್ಕೆ ಬಳಸುತ್ತಿದ್ದ ಈ ಹಿತ್ತಾಳೆ ಬಿಲ್ಲೆಯನ್ನು ಚಿನ್ನವೆಂದು ದಾಟಿಸುವವರು ಹೆಚ್ಚಿದಾಗ 1883ರ ಕಾಯ್ದೆ ತಡೆ ಹಾಕಿತು.

ಅಕ್ಷರ ಸವೆದಿದ್ದರೆ ತೂಕವೇ ಗತಿ. ಸವರನ್ 22.05 ಮಿ.ಮೀ. ಅಗಲ, 7.98 ಗ್ರಾಂ ತೂಕ. ಅಷ್ಟೇ ಗಾತ್ರದ ಹಿತ್ತಾಳೆ ಅದರ ಅರ್ಧವೂ ತೂಗದು. ನಂತರ 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, ಸೊನ್ನೆ ಮಾಡಿ, ತೆಳು ದಾರದಲ್ಲಿ ನಾಣ್ಯವನ್ನು ತಳ ತಾಗದಂತೆ ಮುಳುಗಿಸುತ್ತೇನೆ. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ; ಅಸಲಿಗೆ 0.45 ಗ್ರಾಂ ಆಸುಪಾಸು ಬರಬೇಕು. ಗುಳ್ಳೆ ಅಂಟಿದ್ದರೆ ಅಂಕಿ ಏರಿ ಒಳ್ಳೆಯ ಚಿನ್ನವೂ ಕಳಪೆಯಂತೆ ಕಾಣುತ್ತದೆ. ಕಡ್ಡಿಯಿಂದ ಸವರಿ ಬಿಡಿಸಬೇಕು. ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರೆ ಎರಡೂ ಲೆಕ್ಕ ಕೆಡುತ್ತವೆ. ಆಗ ಇಸವಿ, ಚಿತ್ರಗಳನ್ನೇ ನಂಬಬೇಕು. ಅಯಸ್ಕಾಂತದಿಂದ ಪ್ರಯೋಜನವಿಲ್ಲ, ಹಿತ್ತಾಳೆಯೂ ಅಂಟುವುದಿಲ್ಲ.

ಗುರಾಣಿ ಇರುವ ಸವರನ್‌ನಲ್ಲಿ ನನಗೆ ಬಹಳ ಇಷ್ಟದ ಗುರುತೊಂದಿದೆ. ವಿಲಿಯಂ ಕಾಲದ ಗುರಾಣಿಯ ನಟ್ಟನಡುವೆ ಕಿರೀಟ ಹೊತ್ತ ಇನ್ನೊಂದು ಪುಟ್ಟ ಗುರಾಣಿ ಇರುತ್ತದೆ, ಅದು ಹ್ಯಾನೋವರ್‌ನದು. ವಿಕ್ಟೋರಿಯಾ ನಾಣ್ಯದಲ್ಲಿ ಆ ಜಾಗ ಖಾಲಿ. ಮುಖ ಸವೆದು ಹೋದರೂ ಇದರಿಂದ ಯಾರ ಕಾಲದ್ದೆಂದು ಹೇಳಬಹುದು.

ಹ್ಯಾನೋವರ್ ರಾಜ್ಯದ್ದೇ ಬೆಳ್ಳಿ ನಾಣ್ಯವಾದರೆ ಜರ್ಮನ್ ಬರಹ, ಊರಿನ ಹೆಸರಿನಲ್ಲಿ ಎರಡು ‘ಎನ್’. ಅಲ್ಲಿನ ರಾಜ ಐದನೆಯ ಗೇಯೋರ್ಗ್‌ನ 1857ರ ನಂತರದ ಫೆರೈನ್ಸ್‌ಟಾಲರ್ ಎಂಬ ನಾಣ್ಯ ಸುಮಾರು 18.5 ಗ್ರಾಂ, 900 ಟಂಚದ (ಸಾವಿರಕ್ಕೆ 900 ಪಾಲು ಶುದ್ಧ) ಬೆಳ್ಳಿ. 1866ರಲ್ಲಿ ಹ್ಯಾನೋವರ್ ರಾಜ್ಯವನ್ನು ಪ್ರಷ್ಯಾ ನುಂಗಿತು, ಆಮೇಲಿನ ಇಸವಿ ಇದ್ದರೆ ನಾನು ಕೊಳ್ಳುವುದಿಲ್ಲ. ಯಾವುದನ್ನೂ ಹುಣಸೆಹಣ್ಣಿನಿಂದ ತಿಕ್ಕಬೇಡಿ, ಹಳೆಯ ಮೇಲ್ಪದರ ಹೋದರೆ ಸಂಗ್ರಹಕಾರರು ಕೊಡುವ ಬೆಲೆಯೂ ಹೋಗುತ್ತದೆ.